ಮನೆಯವರೆಲ್ಲ ಬೋರ್ಡಿನ ಮೇಲೆ

ಅಕ್ಕಾ,

ತೀರಿಕೊಂಡವರು ಓದುವುದಿಲ್ಲ, ಗೊತ್ತು. ಆದರೂ ನಿನಗೆ ಹೇಳದೆ ಇರಲಾರೆ.

ಇವತ್ತು ನಾನು ಪಾಠ ಮಾಡಿದ ಮೊದಲ ಇಂಗ್ಲಿಷ್ ಕ್ಲಾಸು. ನೌನು, ವರ್ಬು ಎಂದಿದ್ದೇ ತಡ, ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಆಗ ನೀನು ನನಗೆ ಕಲಿಸಿದಂತೆಯೇ ನಮ್ಮ ಮನೆಯವರನ್ನು ಬೋರ್ಡಿಗೆ ಹತ್ತಿಸಿದೆ. ಕುರ್ಚಿ ಬಿಟ್ಟೇಳದ ಅಪ್ಪ ನೌನು, ಒಂದು ಗಳಿಗೆಯೂ ಕೂರದ ಅಮ್ಮ ವರ್ಬು, ಯಾರನ್ನು ಕಂಡರೂ ದಪ್ಪ, ಕಪ್ಪು ಎನ್ನುವ ಅತ್ತೆ ಅಡ್ಜೆಕ್ಟಿವ್ವು. ಮಕ್ಕಳು ಬಿದ್ದು ಬಿದ್ದು ನಕ್ಕರು.

"ಮಿಸ್, ನಮ್ಮನೇಲಿ ಅಜ್ಜೀನೇ ವರ್ಬು!"

ಸದ್ಯ, ಅರ್ಥವಾಗಿತ್ತು.

"ನಿಮ್ಮನೇಲಿ ಎರಡನ್ನ ಸೇರ್ಸೋ ಕಂಜಂಕ್ಷನ್ ಯಾರು ಮಿಸ್?"

"ನಮ್ಮಕ್ಕ" ಎಂದೆ. ಮಾತು ಬಿಟ್ಟ ಅಪ್ಪ ಅಮ್ಮನ ನಡುವೆ ನೀನು ಓಡಾಡಿದ್ದನ್ನು ಹೇಳಲಿಲ್ಲ. ನೀನು ಹೋದ ಮೇಲೆ ಅದು ನನ್ನ ಕೊರಳಿಗೆ ಬಿದ್ದಿದ್ದನ್ನೂ ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ, "ಉಪ್ಪು ಸಾಲ್ದು ಅಂತ ನಿಮ್ಮಮ್ಮಂಗೆ ಹೇಳು" ಎಂದರು. ಅಮ್ಮ ಎದುರಿಗೇ ಇದ್ದಳು. ನಾನು ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ತುಸು ಹೊತ್ತಿನ ಮೇಲೆ ಒಳಗಿನಿಂದ ಕೇಳಿಸಿತು.

"ಉಪ್ಪು ಸಾಲ್ದು ಕಣೇ."

"ಅಲ್ಲೇ ಇದೆಯಲ್ಲ, ಹಾಕ್ಕೊಳ್ಳಿ."

ಅಷ್ಟೇ ಅಕ್ಕಾ. ನಾನು ನೆಮ್ಮದಿಯಾಗಿ ಉಂಡೆ. ಆ ಮೆಟ್ಟಿಲ ಮೇಲೆ ನಾವಿಬ್ಬರೂ ಎದ್ದು ಬಂದು ಕೂರುವಷ್ಟು ಜಾಗ ಮೊದಲಿನಿಂದಲೂ ಇತ್ತು.