ಮಕ್ಕಳಿಗೆ ಬೆನ್ನು ಹಾಕಿದ ಪಾಠ

ಕಾಲೇಜು ಹಾಸ್ಟೆಲ್, ಯೋಗ್ಯಕರ್ತ, ಇಂಡೋನೇಷ್ಯಾ
ನವೆಂಬರ್ 14, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ತೈವಾನಿನಲ್ಲಿ ಚಳಿ ಶುರುವಾಗಿರಬೇಕು. ಫ್ಯಾಕ್ಟರಿಯಲ್ಲಿ ನಿಂತೂ ನಿಂತೂ ಊದಿದ್ದ ಕಾಲು ಈಗ ಹೇಗಿದೆ? ಬಿಸಿನೀರಿನಲ್ಲಿ ಇಡುತ್ತೀಯೋ ಇಲ್ಲವೋ? ನಾನು ಆರೋಗ್ಯ. ಹಾಸ್ಟೆಲ್ ಊಟದ ಸೋಯಾ ತೆಂಪೆ ಎಂದಿನಂತೆ ರಬ್ಬರು, ಆದರೂ ತಿನ್ನುತ್ತಿದ್ದೇನೆ.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಕಟ್ ಮಾಡಿಬಿಡುತ್ತೇನೆ, ಅದಕ್ಕೇ ಪತ್ರ. ಬುಧವಾರ ನನ್ನ ಟೀಚಿಂಗ್ ಪ್ರಾಕ್ಟಿಕಲ್ ಇತ್ತು, ಮೂರನೇ ಕ್ಲಾಸಿನ ಮಕ್ಕಳಿಗೆ ನೃತ್ಯಪಾಠ. ಡ್ಯಾನ್ಸ್ ಪೇಪರಿನಲ್ಲಿ ಇಡೀ ಬ್ಯಾಚಿಗೆ ಫಸ್ಟ್ ಬಂದ ನಿನ್ನ ತಂಗಿ ಇದರಲ್ಲಿ ಫೇಲ್. ಯಾಕೆ ಗೊತ್ತಾ? ಮಕ್ಕಳಿಗೆ ಬೆನ್ನು ಹಾಕಿ ನಿಂತೆನಂತೆ. ದೊಡ್ಡಮ್ಮನ ಅಂಗಳದಲ್ಲಿ ನೀನು, ನಾನು, ಓಣಿಯ ಹುಡುಗಿಯರೆಲ್ಲ ಕಲಿತದ್ದು ಅವಳ ಬೆನ್ನು ನೋಡಿಕೊಂಡೇ ಅಲ್ಲವೇ? ಅವಳ ಬಲಗೈ ಎದ್ದರೆ ನಮ್ಮ ಬಲಗೈ ಏಳುತ್ತಿತ್ತು. "ನನ್ನ ಮುಖದಲ್ಲೇನಿದೆ, ಭುಜ ನೋಡ್ರೇ" ಎಂದು ಗದರುತ್ತಿದ್ದಳಲ್ಲ. ಆದರೆ ಬೋಧನಾಶಾಸ್ತ್ರದ ಹರ್ಜೋನೊ ಸರ್‌ಗೆ ಮೇಷ್ಟ್ರು ಅಂದರೆ ಮುಖ, ಅಷ್ಟೇ. ಎಲ್ಲರೆದುರು ಹೇಳಿಬಿಟ್ಟರು: "ಕುಣಿಯೋದು ಬರುತ್ತಮ್ಮ ನಿಂಗೆ, ಕಲಿಸೋ ಮನಸ್ಸಿಲ್ಲ. ಮೋಟಿವೇಶನ್ನೇ ಇಲ್ಲ. ಮದುವೆಮನೇಲಿ ಕುಣಿ ಹೋಗು, ಊಟಾನೂ ಹಾಕ್ತಾರೆ." ಹುಡುಗರು ಕಿಸಕ್ಕೆಂದರು.

ನನ್ನ ನಂತರ ರೂಮ್‌ಮೇಟ್ ತ್ಯಾಸ್. ಮಕ್ಕಳತ್ತ ತಿರುಗಿ, ಹಲ್ಲು ಬಿಟ್ಟುಕೊಂಡು ಕುಣಿದಳು. ಅವಳು ಬಲಗೈಯಿಂದ ಶಾಲು ಬೀಸಿದರೆ ಮಕ್ಕಳು ಎಡಗೈಯಿಂದ ಬೀಸಿದವು. ಸಾಲಿಗೆ ಸಾಲೇ ತಪ್ಪು ದಿಕ್ಕಿಗೆ ತಿರುಗಿತು. ಸರ್ ಚಪ್ಪಾಳೆ ತಟ್ಟಿ ಎ ಗ್ರೇಡ್ ಕೊಟ್ಟರು. ರೂಮಿಗೆ ಬಂದಮೇಲೆ ತ್ಯಾಸ್ ತಾನಾಗಿಯೇ ಅಂದಳು: "ಎಲ್ಲಾ ಉಲ್ಟಾ ಆಯ್ತು ಅಂತ ನಂಗೂ ಗೊತ್ತು ಕಣೇ ವೆನಿಂಗ್. ಮಾರ್ಕ್ಸ್ ಕೊಡೋರು ಹಿಂದಿನ ಬೆಂಚಲ್ಲಿ ಕೂತಿದ್ರಲ್ಲ, ಅವರಿಗೆ ಮುಖ ಕಂಡ್ರೆ ಸಾಕು." ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆದರೆ ನನ್ನ ಮನಸ್ಸನ್ನು ಅಳೆಯುವ ಮಹಾನುಭಾವರು ಮಕ್ಕಳ ಕೈಯ ಕಡೆ ಒಮ್ಮೆಯಾದರೂ ನೋಡಬಾರದಿತ್ತೇ? ಅಲ್ಲ ಅಕ್ಕಾ, ಕಲಿಸುವ ಆಸೆ ಇಲ್ಲದಿದ್ದರೆ ನನಗೆ ಇಷ್ಟು ಉರಿಯುತ್ತಿತ್ತೇ?

ಇರಲಿ. ಚಳಿಯಲ್ಲಿ ಕಾಲುಚೀಲ ಮರೆಯಬೇಡ. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಂಗಿ,
ವೆನಿಂಗ್

ತಾ.ಕ.: ಡಿಸೆಂಬರ್ ಕೊನೆಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮಕ್ಕಳತ್ತ ತಿರುಗಿ ಕಲಿಸಿದರೆ ಪಾಸು, ಇಲ್ಲದಿದ್ದರೆ ಮೊದಲನೇ ವರ್ಷವೇ ಮತ್ತೆ. ಹೆದರಿಕೆ ಇದೆ, ಆದರೂ ಬೆನ್ನು ಹಾಕಿಯೇ ನಿಲ್ಲುತ್ತೇನೆ. ಅಮ್ಮನಿಗೆ ನೀನೇ ಮೊದಲು ಹೇಳಿಡು. ನಾನು ಹೇಳಿದರೆ ಅಳುತ್ತಾಳೆ. ಅವಳು ಅತ್ತರೆ ನಾನು ತಿರುಗಿಬಿಡುತ್ತೇನೆ.