ಬೇಡವೆಂದ ನೀರು

ರಾಯಚೂರು
೫ ಜನವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮಾ ಸಂಜೀವ,

ಒಂದು ಮಾತನ್ನು ಬರೆಯದೆಯೇ ಈ ಕಾಗದ ಮುಗಿಸಬೇಕೆಂದಿದ್ದೆ. ಈಗಲೂ ಧೈರ್ಯ ಬಂದಿಲ್ಲ. ಕೊನೆಯಲ್ಲಿ ಬಂದರೆ ಬರೆಯುತ್ತೇನೆ. ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಬಂದರಿನಲ್ಲಿ ದಿನವಿಡೀ ಕ್ರೇನಿನೊಳಗೆ ಕೂತಿರುವವನು, ಊಟಕ್ಕಾದರೂ ಕೆಳಗಿಳಿದು ಬಾ. ನಾನು ಆರಾಮ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು "ಎಲ್ಲಾ ಚಲೋ ಅದಲ್ಲಕ್ಕಾ?" ಅಂದ ಕೂಡಲೇ ನನ್ನ ಬಾಯಿಂದ "ಹೂಂ" ಬಂದುಬಿಡುತ್ತದೆ.

ಕುರ್ಡಿಯ ಹೊಲದ ಸುದ್ದಿಗೆ ಬರುತ್ತೇನೆ. ನೀನು "ಭತ್ತ ಹಚ್ಚೋರಿಗೆ ಲೀಜಿಗೆ ಕೊಟ್ಟುಬಿಡು, ಒಬ್ಬಾಕಿನ ಯಾಕ ಒದ್ದಾಡ್ತಿ" ಎಂದಿದ್ದೆ. ಯುಗಾದಿಯೊಳಗೆ ಅವರಿಗೆ ಉತ್ತರ ಹೇಳಬೇಕು. ನನಗೆ ಕೊಡುವ ಮನಸ್ಸಿಲ್ಲ. ಸುತ್ತಲಿನವರು ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ, ನಮ್ಮ ಹೊಲದಡಿಯ ನೀರು ಮೇಲಕ್ಕೆ ಬಂದಿದೆ. ತಗ್ಗಿನ ಕಡೆ ನೆಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿದೆ. ಅದಕ್ಕೇ ಈ ಸಲ ಬಿಳಿಜೋಳ ಬಿತ್ತಿಸಿ, ಬಸಿಗಾಲುವೆ ತೋಡಿಸಿ, ನಮ್ಮ ಪಾಳಿಯ ಕಾಲುವೆ ನೀರನ್ನು ಬೇಡವೆಂದೆ. ನೀರು ಬಿಡುವ ಜಿಲಾನಿ ಪಾಷಾ ಸಲಿಕೆ ಊರಿ ನಿಂತುಬಿಟ್ಟ. "ಅಕ್ಕಾರ, ಪಾಳಿ ನೀರಿಗೆ ತಲಿ ಒಡಕೊಂಡೋರನ್ನ ನೋಡೀನಿ, ಬ್ಯಾಡ ಅಂದೋರನ್ನ ನೋಡಿಲ್ಲರಿ!" ತೂತು ಕೊರೆದ ಪೈಪೊಂದನ್ನು ಹೊಲದಲ್ಲಿ ಹೂಳಿಸಿದ್ದೇನೆ. ಅದರೊಳಗೆ ದಾರ ಇಳಿಬಿಟ್ಟು, ಅಡಿಯ ನೀರು ಎಷ್ಟು ಕೆಳಗಿದೆ ಎಂದು ನೋಡುತ್ತೇನೆ. ಅದಕ್ಕೂ ನಗುತ್ತಾನೆ. "ಹೊಲಕ್ಕ ಥರ್ಮಾಮೀಟರ್ ಇಟ್ಟೀರಲ್ರಿ, ಜ್ವರ ಇಳೀತೇನು?"

ಇಳಿದಿದೆ, ಸಂಜೀವ. ಮೊಣಕಾಲಿನಷ್ಟು ಆಳದಲ್ಲಿದ್ದ ನೀರು ಎದೆಯಷ್ಟು ಆಳಕ್ಕೆ ಹೋಗಿದೆ. ಜೋಳ ಬೇರಿನಿಂದಲೇ ಅದನ್ನು ಕುಡಿದುಕೊಂಡು ತೆನೆ ಹಿಡಿದಿದೆ. ಆದರೂ ನನಗೆ ಅನುಮಾನ. ಇದು ಹೊಲದ ಹಿತವೋ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಹಟವೋ? ಅವ್ವ ಇದ್ದಿದ್ದರೆ ಬೈದಾದರೂ ಹೇಳುತ್ತಿದ್ದಳು. ವಾರವಿಡೀ ಪಾಠ ಹೇಳುವುದು, ಭಾನುವಾರ ಬಸ್ಸು ಹಿಡಿದು ಹೊಲಕ್ಕೆ ಹೋಗುವುದು, ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವುದು. ಬುತ್ತಿ ಕಟ್ಟುವಾಗ ಕೈ ಇನ್ನೂ ಇಬ್ಬರಿಗಾಗುವಷ್ಟು ಕಟ್ಟುತ್ತದೆ. ಉಳಿದದ್ದನ್ನು ಜಿಲಾನಿ ಪಾಷಾನಿಗೆ ಕೊಟ್ಟರೆ, "ಪುಂಡಿಪಲ್ಯ ಮರತ್ರೇನ್ರಿ?" ಎಂದು ನನಗೇ ಜೋರು ಮಾಡುತ್ತಾನೆ. ಆ ಜೋರಿಗೂ ಕಾಯುತ್ತೇನೆ ಅನ್ನಿಸುತ್ತದೆ ಒಮ್ಮೊಮ್ಮೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಜೈ ಭೀಮ್.

ನಿನ್ನ ಅಕ್ಕ,
ಸುಮಂಗಲಾ

ತಾ.ಕ.: ಮರೆತು ಉಳಿದ ಮಾತಲ್ಲ ಇದು. ಕಾಗದ ಒಂದು ವಾರ ನನ್ನ ಚೀಲದಲ್ಲೇ ಇತ್ತು. ಅವ್ವನನ್ನು ಮಣ್ಣು ಮಾಡಿದ್ದು ಹೊಲದ ಆ ತಗ್ಗಿನ ಮೂಲೆಯಲ್ಲೇ ಅಲ್ಲವೇ? ಹೋದ ಮಳೆಗಾಲದಲ್ಲಿ ಅಲ್ಲಿ ಮಣ್ಣು ಕುಸಿದು ನೀರು ಕಂಡಿತು. ಯಾರನ್ನೂ ಕರೆಯಲಿಲ್ಲ, ನಾನೇ ಬುಟ್ಟಿಯಲ್ಲಿ ದಿಬ್ಬದ ಮಣ್ಣು ತಂದು ಮುಚ್ಚಿದೆ. ಕಾಲುವೆ ನೀರು ಬೇಡವೆಂದದ್ದು ಅದಕ್ಕೇ. ಜೋಳ, ಪೈಪು ಎಲ್ಲ ಆಮೇಲೆ ಕೂಡಿಕೊಂಡವು. ಇವತ್ತು ಅವ್ವನ ಮೇಲಿನ ಮಣ್ಣಿಗೆ ಕೈಯಿಟ್ಟು ನೋಡಿದೆ, ಒಣಗಿತ್ತು. ಭತ್ತಕ್ಕೆ ಕೊಡು ಎನ್ನಬೇಡ, ತಮ್ಮಾ. ಇದನ್ನು ನಾಳೆ, ಸೋಮವಾರ, ಜನವರಿ ೧೩ರಂದು ಅಂಚೆಗೆ ಹಾಕುತ್ತೇನೆ.