ಅಡುಗೆಕಟ್ಟೆ ಒಡೆದವರಿಗೆ

ಸಂಡೂರು
೨೦ ಜುಲೈ ೨೦೨೫, ಭಾನುವಾರ

ಸುಕನ್ಯಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಹೋಯಿತು, ತಡೆದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದವನ್ನು ಕಂಪ್ಲಿಯ ನಿನ್ನ ಬ್ಯಾಂಕಿನ ವಿಳಾಸಕ್ಕೆ ರಿಜಿಸ್ಟರ್ ಮಾಡುತ್ತೇನೆ. ಎಲ್ಲರೆದುರು ಸಹಿ ಹಾಕಿಯಾದರೂ ತೆಗೆದುಕೊಳ್ಳಬೇಕಲ್ಲ!

ನಿನ್ನೆ ಅತ್ತೆಯವರನ್ನು ಕರೆದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಹೋಗಿದ್ದೆ. ನೀವು ಬೇಡವೆಂದ ಮನೆಯನ್ನು ನೋಡಲು ಕಮಲಾಪುರದಿಂದ ಒಬ್ಬರು ಬರುವವರಿದ್ದರು. ಬಂದರು. ಪಡಸಾಲೆ ನೋಡಿ ತಲೆಯಾಡಿಸಿದರು, ಕೋಣೆ ನೋಡಿದರು, ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟರು. ಅರ್ಧ ಕೆಡವಿದ ಗೋಡೆ, ಎರಡು ತುಂಡಾಗಿ ಬಿದ್ದ ಕಟ್ಟೆಯ ಕಲ್ಲು, ಕಿತ್ತುಹಾಕಿದ ನಲ್ಲಿ. “ಈ ಮನ್ಯಾಗ ಏನರ ಆಗೇತೇನ್ರಿ?” ಎಂದು ಕೇಳಿದರು. ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳುವ ದನಿ ಅದು. ಕೊಳ್ಳುವವರೇ ಹಾಲು ಉಕ್ಕಿಸಿ ಬಿಟ್ಟುಹೋದ ಮನೆ ಎಂದು ಗೊತ್ತಾದ ಮೇಲೆ ಚಹಾ ಕೂಡ ಕುಡಿಯದೆ ಹೊರಟರು.

ಕೀಲಿ ಕೊಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ರಿಜಿಸ್ಟರ್ ಆಗದೆ ಯಾರಾದರೂ ಕೀಲಿ ಕೊಡುತ್ತಾರೆಯೇ ಎಂದು ನಮ್ಮೆಜಮಾನರು ಇವತ್ತಿಗೂ ಬೈಯುತ್ತಾರೆ. ಆದರೆ ಆಷಾಢ ಹಿಡಿಯಲು ಮೂರೇ ದಿನ ಉಳಿದಿತ್ತು. “ಆಷಾಢದಾಗ ಹಾಲು ಉಕ್ಕಿಸಂಗಿಲ್ಲ, ಶ್ರಾವಣದ ತನಕ ಕಾಯಾಕ ನಮ್ಮತ್ತಿ ಒಪ್ಪಂಗಿಲ್ಲ, ಕಾಗದಪತ್ರ ಆಮ್ಯಾಲೆ ನೋಡಿದ್ರಾತು” ಎಂದು ನನ್ನ ಕೈ ಹಿಡಿದು ಕೇಳಿದವಳು ನೀನು. ನಾಲ್ಕು ವರ್ಷ ಕಂಪ್ಲಿ ಬಸ್ಸಿನಲ್ಲಿ ನನ್ನ ಪಕ್ಕ ಕೂತವಳು. ನೀನು ಬ್ಯಾಂಕಿಗೆ, ನಾನು ಆಸ್ಪತ್ರೆಗೆ. ನನ್ನ ಡಬ್ಬಿಯ ಬದನೆ ಎಣಗಾಯಿ ಖಾಲಿ ಮಾಡಿ, ಬೆರಳು ಚೀಪಿ, ನಾಳೆಯೂ ತಾ ಎನ್ನುತ್ತಿದ್ದವಳು. ನನಗೆ ಬಂಡ್ರಿಗೆ ವರ್ಗವಾಗಿ ನಾವು ಸಂಡೂರಿಗೆ ಹೊರಟಾಗ ನಮ್ಮ ಮನೆಯನ್ನು ನೀನೇ ಕೊಳ್ಳುತ್ತೇನೆ ಎಂದದ್ದಕ್ಕೆ ನಾನು ಬೇರೆ ಯಾರಿಗೂ ಹೇಳಲೇ ಇಲ್ಲ.

ಹಾಲು ಉಕ್ಕಿಸಲೆಂದು ಕೀಲಿ ಕೊಟ್ಟೆ. ಗೋಡೆ ಕೆಡವಲು ಕೊಟ್ಟಿರಲಿಲ್ಲ. ಮಾರನೆಯ ದಿನವೇ ನಿಮ್ಮ ವಾಸ್ತುವಿನವರು ಬಂದು ಒಲೆ ಪೂರ್ವಕ್ಕೆ ತಿರುಗಬೇಕು ಎಂದರಂತೆ. ನನಗೊಂದು ಮಾತು ಕೇಳದೆ ಗೌಂಡಿ ಮಾರೆಪ್ಪನನ್ನು ಕರೆಸಿ ಸುತ್ತಿಗೆ ಹಾಕಿಸಿದಿರಿ. ವಾರ ಕಳೆಯುವುದರೊಳಗೆ ಮನೆಯೇ ಬೇಡ ಎಂದಿರಿ. ಒಡೆದದ್ದನ್ನು ಕಟ್ಟಿಸಿಕೊಡಿ ಎಂದರೆ ನಿನ್ನ ಗಂಡ ನಾಗಭೂಷಣ ಏನೆಂದರು ಗೊತ್ತೇ? “ಹಳೇ ಗ್ವಾಡಿ ಅದು, ನಾವು ಮುಟ್ಟದಿದ್ರೂ ಬೀಳ್ತಿತ್ತು. ಮೊದಲು ನಮ್ಮ ಅಡ್ವಾನ್ಸ್ ಕೊಡ್ರಿ.” ಇಪ್ಪತ್ತೆರಡು ವರ್ಷ ನಿಂತ ಗೋಡೆ, ನಿಮ್ಮವರು ಬರುವುದನ್ನೇ ಕಾಯುತ್ತಿತ್ತೇನೋ!

ಆ ಕಟ್ಟೆ ಯಾರದು ಎಂದು ನಿನಗೆ ಹೇಳಬೇಕು. ನನ್ನ ಅತ್ತೆ ದುರ್ಗಕ್ಕ ಹರೆಯದಲ್ಲಿ ಊರವರ ಮನೆಗಳಲ್ಲಿ ಪಾತ್ರೆ ತಿಕ್ಕಿದವರು. ಆ ಮನೆಯವರು ಪಾತ್ರೆಗಳನ್ನು ಹಿತ್ತಲಿಗೆ ತಂದು ಹಾಕುತ್ತಿದ್ದರು. ಒಬ್ಬರೂ ಅವರನ್ನು ಅಡುಗೆಮನೆಯೊಳಗೆ ಬಾ ಎನ್ನಲಿಲ್ಲ. ತಮ್ಮ ಮನೆ ಕಟ್ಟಿದಾಗ ಬೇರೆ ಏನನ್ನೂ ಕೇಳಲಿಲ್ಲ, ಕಡಪ ಕಲ್ಲಿನ ಕಟ್ಟೆಯೊಂದು ಬೇಕು, ನಿಂತು ಅಡುಗೆ ಮಾಡಬೇಕು ಎಂದು ಹಟ ಹಿಡಿದರು. ದಿನಾ ಕೊಬ್ಬರಿ ಎಣ್ಣೆ ಒರೆಸಿ ಹೊಳಪು ಕಾಯ್ದರು. ನಿನ್ನೆ ನೆಲದ ಮೇಲೆ ಕೂತು ಆ ಎರಡು ತುಂಡುಗಳನ್ನು ಕೂಡಿಸಿ ಇಟ್ಟು ನೋಡಿದರು. ನನಗೆ ನೋಡಲಾಗಲಿಲ್ಲ, ಹೊರಗೆ ಬಂದು ಅತ್ತುಬಿಟ್ಟೆ.

ವಾಸ್ತು ಸರಿಬರಲಿಲ್ಲ ಎಂದು ಮೆಸೇಜ್ ಹಾಕಿದ್ದೀಯಲ್ಲ, ಅದನ್ನು ನಂಬಿದ್ದೆ. ನಿನ್ನೆ ಮಾರೆಪ್ಪ ಬಂದು ನಿಜ ಹೇಳಿದ. ನಮ್ಮ ಕಡೆಯ ಹಳೆಯ ಜಾಗದ ಪತ್ರಗಳಲ್ಲಿ ಹೆಸರಿನ ಜೊತೆಗೆ ಜಾತಿಯನ್ನೂ ಬರೆದಿರುತ್ತಾರೆ. ನಿಮ್ಮ ವಕೀಲರು ನಮ್ಮ ಮಾವನವರ ಹೆಸರು ಓದಿದಾಗ ಈಗ ಬೌದ್ಧರಾಗಿರುವ ನಾವು ದಲಿತರು ಎಂದು ನಿಮಗೆ ಗೊತ್ತಾಯಿತು. ಕೂಡಲೇ ಕೆಲಸ ನಿಲ್ಲಿಸಿದಿರಿ. ಹಾಲು ಉಕ್ಕಿಸಿದ ಹೊಸ ಪಾತ್ರೆಯನ್ನೂ ಒಯ್ಯಲಿಲ್ಲ. “ಆ ಪಾತ್ರಿ ನಮಗ ಬ್ಯಾಡ, ನೀನ ಒಯ್ಯಿ” ಎಂದು ನಿನ್ನ ಅತ್ತೆ ಮಾರೆಪ್ಪನಿಗೆ ಹೇಳಿದರಂತೆ. ಅವನೂ ಒಯ್ಯಲಿಲ್ಲ. “ನನಗ್ಯಾಕ್ರಿ ಯಕ್ಕಾ, ಕೂಲಿ ಕೊಟ್ಟಾರ, ಸಾಕು” ಎಂದು ನನ್ನ ಕೈಗೆ ಕೊಟ್ಟ. ತಳದಲ್ಲಿ ಹಾಲು ಸೀದು ಅಂಟಿಕೊಂಡಿದೆ.

ನಾನು ನಿನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ, ಸುಕನ್ಯಾ. ನೀನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ, ಅಷ್ಟೇ. ನಾಲ್ಕು ವರ್ಷದ ಎಣಗಾಯಿಯನ್ನು ಈಗ ಏನು ಮಾಡುತ್ತೀ? ಹಾಲು ಉಕ್ಕಿದ ದಿನ ನನ್ನ ಬಾಯಿಗೆ ಸಕ್ಕರೆ ಹಾಕಿದ ಕೈಯನ್ನು ಎಷ್ಟು ಸಲ ತೊಳೆದೆ? ನಿನ್ನ ಅತ್ತೆಯ ಮಾತು ಬಿಡು. ನೀನು ಆ ಹೊತ್ತಿನಲ್ಲಿ ಏನಾದರೂ ಅಂದೆಯಾ, ಅಥವಾ ಸುಮ್ಮನೆ ನಿಂತಿದ್ದೆಯಾ? ಅದೊಂದು ಗೊತ್ತಾಗಬೇಕು ನನಗೆ.

ಈ ತಿಂಗಳ ಕೊನೆಯೊಳಗೆ ಗೋಡೆ ಎದ್ದಿರಬೇಕು. ಕಟ್ಟೆಗೆ ಅದೇ ಅಳತೆಯ ಒಂದೇ ಅಖಂಡ ಕಲ್ಲು ಬಂದಿರಬೇಕು, ತುಂಡು ಜೋಡಿಸಿದ್ದು ನಡೆಯುವುದಿಲ್ಲ. ಅಡ್ವಾನ್ಸ್ ಆ ದಿನವೇ ಕೊಡುತ್ತೇನೆ, ನಾವು ಯಾರದ್ದನ್ನೂ ಇಟ್ಟುಕೊಳ್ಳುವವರಲ್ಲ. ಆಗದಿದ್ದರೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ಮಾರೆಪ್ಪ ಸಾಕ್ಷಿ ಹೇಳುತ್ತೇನೆಂದಿದ್ದಾನೆ.

ಇಂತಿ,
ನಿನ್ನ ಪಕ್ಕದ ಸೀಟಿನವಳಾಗಿದ್ದ
ಅನುಸೂಯಾ

ಮತ್ತೆ ಬರೆದದ್ದು: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮುಚ್ಚಿಟ್ಟಿರಲಿಲ್ಲ ಎಂದು ಬರೆದದ್ದು ಸುಳ್ಳು. ನೀನು ನಿನ್ನ ಅತ್ತೆಯೊಂದಿಗೆ ಮನೆ ನೋಡಲು ಬಂದ ದಿನ ಬೆಳಿಗ್ಗೆ ಪಡಸಾಲೆಯ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ನಾನೇ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದೆ. ಅತ್ತೆ ನೋಡಿದ್ದರು. ನಿನ್ನೆ ಸಂಡೂರಿನಿಂದ ಹೊರಡುವಾಗ ಅವರೇ ಟ್ರಂಕು ತೆಗೆದು ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ಕಮಲಾಪುರದವರು ಹೋದ ಮೇಲೆ, ಸ್ಟೂಲು ಹಿಡಿದುಕೋ ಎಂದು ನನಗೆ ಹೇಳಿ, ಹಳೆಯ ಮೊಳೆಗಳಿಗೇ ತೂಗುಹಾಕಿದರು. ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. ಬಾಗಿಲು ತೆರೆದ ಕೂಡಲೇ ಎದುರಿಗೆ ಕಾಣುತ್ತವೆ. ಗೋಡೆ ಕಟ್ಟಿಸಲು ಬಂದಾಗ ನೀವು ಅವುಗಳ ಮುಂದೆಯೇ ಹಾದು ಅಡುಗೆಮನೆಗೆ ಹೋಗಬೇಕು.